ರಿಲೀಸ್ ಆದ ಅಳಿಯ

ನಾನು ಯಾವತ್ತೂ ಜೈಲಿಗೆ ಹೋದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸಿರುಗುಪ್ಪದಲ್ಲಿ ಇದನ್ನು ನಂಬದವರು ಇನ್ನೂ ಇಬ್ಬರು ಮೂವರಿದ್ದಾರೆ. ಎಲ್ಲಕ್ಕೂ ಕಾರಣ ಒಂದು ಇಂಗ್ಲಿಷ್ ಪದ, ಮತ್ತು ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂಬ ನನ್ನ ಠೇಂಕಾರ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಮಸ್ಕತ್ತಿನಲ್ಲಿ ಕ್ರೇನ್ ರಿಪೇರಿ ಮಾಡುವ ಮೆಕ್ಯಾನಿಕ್ಕು. ಅಲ್ಲಿ ಒಬ್ಬ ಧಣಿಯನ್ನು ಬಿಟ್ಟು ಇನ್ನೊಬ್ಬನ ಹತ್ತಿರ ಸೇರಬೇಕಾದರೆ ಹಳೆಯ ಧಣಿ ‘ಇವನನ್ನು ಬಿಟ್ಟಿದ್ದೇನೆ’ ಎಂದು ಕಾಗದ ಕೊಡಬೇಕು. ಆ ಕಾಗದದ ಹೆಸರು ರಿಲೀಸ್. ಅದಿಲ್ಲದೆ ಹೊಸ ವೀಸಾ ಇಲ್ಲ. ನನಗೆ ಹೊಸ ಕಂಪನಿ ಸಿಕ್ಕಿತ್ತು, ರಿಲೀಸ್ ಸಿಕ್ಕಿರಲಿಲ್ಲ. ‘ಅದು ಕೈಗೆ ಬರೋ ತನಕ ದೇಶ ಬಿಟ್ಟು ಅಲ್ಲಾಡಬೇಡ’ ಎಂದು ಜೊತೆಯವರೆಲ್ಲ ಬಡಕೊಂಡರು. ನಾನು ಕೇಳುವ ಪೈಕಿಯೇ? ಸಿರುಗುಪ್ಪದಲ್ಲಿ ಹೆಣ್ಣು ಗೊತ್ತಾಗಿತ್ತು. ಅವ್ವ ಕಳಿಸಿದ ಫೋಟೋ ನೋಡಿದ ಮೇಲೆ ನನಗೆ ಕ್ರೇನಿನ ಮೇಲೆ ಮನಸ್ಸೇ ನಿಲ್ಲುತ್ತಿರಲಿಲ್ಲ. ರಜೆ ಹಾಕಿ ಹೊರಟೇಬಿಟ್ಟೆ.

ಬಳ್ಳಾರಿಗೆ ಬಂದು, ಸತ್ಯನಾರಾಯಣಪೇಟೆಯ ಓಣಿಯಲ್ಲಿ ಸೆಂಟು ಪೂಸಿಕೊಂಡು ಮೂರು ವಾರ ಮೆರೆದೆ. ಆಗ ಹೊಸ ಕಂಪನಿಯ ಟೆಲಿಗ್ರಾಂ ಬಂತು: ರಿಲೀಸ್ ಸಿಕ್ಕಿದೆ, ಬೇಗ ಬಾ. ‘ರಿಲೀಸ್ ಆತು!’ ಎಂದು ಪಡಸಾಲೆಯಲ್ಲೇ ಕುಣಿದೆ. ಈ ಸಂಬಂಧ ಕುದುರಿಸಿದ ಕುರುಗೋಡಿನ ಸೋದರಮಾವ ಅಲ್ಲೇ ಕೂತಿದ್ದರು. ಅವ್ವ, “ಅಣ್ಣಾ, ಬೀಗರಿಗೂ ಒಂದ್ ಮಾತು ಹೇಳಿ ಬಾ” ಎಂದಳು. ಅವರು ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗಿ, ಕಟ್ಟೆಯ ಮೇಲೆ ನಾಲ್ಕು ಮಂದಿಯ ಮುಂದೆ ಬಾಯಿ ತುಂಬ ಹೇಳಿದರಂತೆ: “ನಮ್ಮ ಹುಡುಗಂದು ರಿಲೀಸ್ ಆತ್ರಿ! ಇನ್ನ ಏನೂ ಚಿಂತಿ ಇಲ್ಲ!”

ನಮ್ಮ ಸೀಮೆಯಲ್ಲಿ ರಿಲೀಸ್ ಆಗುವುದು ಎರಡೇ: ಒಂದು ಸಿನಿಮಾ, ಇನ್ನೊಂದು ಬಳ್ಳಾರಿ ಜೈಲಿನ ಮಂದಿ. ನನ್ನ ಮುಖ ನೋಡಿದವರು ಸಿನಿಮಾ ಎಂದು ತಿಳಿಯುವ ಸಂಭವವಿರಲಿಲ್ಲ. ಮರುದಿನವೇ ‘ಹುಡುಗೀನ ಕೊಡಂಗಿಲ್ಲ’ ಎಂದು ಹೇಳಿಕಳಿಸಿದರು. ಆದರೂ ಮಾತಿನಲ್ಲಿ ನನ್ನನ್ನು ಸೋಲಿಸುವವರು ಯಾರು ಎಂದುಕೊಂಡು, ಟೆಲಿಗ್ರಾಂ ಜೇಬಿಗಿಟ್ಟು ನಾನೇ ಸಿರುಗುಪ್ಪಕ್ಕೆ ಹೋದೆ.

“ಅದು ಜೈಲಲ್ರಿ, ಕಂಪನಿ” ಎಂದೆ. ಹುಡುಗಿಯ ತಂದೆ ಸಾವಕಾಶ ವಿಚಾರಣೆಗಿಳಿದರು. ಅಲ್ಲಿರುವಾಗ ಪಾಸ್‌ಪೋರ್ಟು ಯಾರ ಹತ್ತಿರ? ಧಣಿಯ ಹತ್ತಿರ. ಕೇಳದೆ ಊರಿಗೆ ಬರಬಹುದೇ? ಇಲ್ಲ. ಒಂದು ಕೋಣೆಯಲ್ಲಿ ಎಷ್ಟು ಮಂದಿ? ಎಂಟು. ಊಟಕ್ಕೆ? ಗಂಟೆ ಹೊಡೆಯುತ್ತಾರೆ.

“ಮತ್ತ ಜೈಲಂದ್ರ ಇನ್ನೇನು ತಮ್ಮಾ?” ಎಂದರು ಅವರು.

ಅಯ್ಯೋ, ಹೌದಲ್ಲ! ತೆಗೆಯಲು ಹೊರಟಿದ್ದ ಟೆಲಿಗ್ರಾಂ ಮತ್ತೆ ಜೇಬಿಗೇ ತುರುಕಿದೆ. ಎದ್ದು ಹೋಗಲೂ ಮನಸ್ಸಿಲ್ಲ, ಕೂರಲೂ ಮುಖವಿಲ್ಲ. ಆಗ ಬಾಗಿಲ ಮರೆಯಿಂದ ಹುಡುಗಿಯ ದನಿ ಕೇಳಿತು: “ಅಪ್ಪಾ, ಇವ್ರು ಕಳ್ಳರಂತೂ ಅಲ್ಲ ಬಿಡು. ಬಿಟ್ಟು ಕಳಿಸಿದ ಮ್ಯಾಲೂ ತಾವಾಗೇ ಮತ್ತ ಅಲ್ಲಿಗೇ ಹೊಂಟಾರ. ಕಳ್ಳರು ಇಷ್ಟು ದಡ್ಡರಿರಂಗಿಲ್ಲ.”

ತಂದೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅದೂ ಖರೇ ಐತಿ” ಎಂದು ಚಾ ತರಲು ಹೇಳಿದರು. ನನ್ನ ಸೆಂಟು, ಇಂಗ್ಲಿಷು, ಟೆಲಿಗ್ರಾಂ ಯಾವುದೂ ಮಾಡದ ಕೆಲಸವನ್ನು ನನ್ನ ದಡ್ಡತನ ಮಾಡಿತು. ಅದರ ಜಾಮೀನಿನ ಮೇಲೆಯೇ ನನ್ನ ಮದುವೆಯಾಯಿತು.