ನೀಲವ್ವನ ನಾಲಿಗೆ

ಟೀಚರ್ ಆದವರಿಗೆ ಒಂದು ಪದ ಬಿಟ್ಟು ಮಿಕ್ಕೆಲ್ಲ ಪದಗಳೂ ಬಾಯಿಗೆ ಬರುತ್ತವೆ. ಆ ಒಂದನ್ನು ಕಾನ್ವೆಂಟಿನ ಸಿಸ್ಟರ್ ನನಗೆ ಮೊದಲ ವಾರವೇ ಕಲಿಸಿದ್ದರು: ‘ಸೇ ಸಾರಿ, ಚೈಲ್ಡ್.’ ಕಾಲು ತುಳಿದರೆ ಸಾರಿ, ಸೀನಿದರೂ ಸಾರಿ. ಕೈಗೆ ಚಾಕ್‌ಪೀಸು ಬಂದದ್ದೇ ತಡ, ಪೂರ್ತಿ ಮರೆತುಬಿಟ್ಟೆ.

ರಿಟೈರ್ ಆಗಿ ಶಿಗ್ಗಾಂವಿಯಲ್ಲಿ ಸ್ವೆಟರ್ ಹೆಣೆಯುತ್ತಿದ್ದವಳನ್ನು ಕಳೆದ ತಿಂಗಳು ಹತ್ತಿಮತ್ತೂರಿನ ಶಾಲೆಯೊಂದರವರು ಕರೆದರು. ವಿಜ್ಞಾನದ ಪಾಠಕ್ಕೆ ಎಐ ಬಂದಿದೆ, ಅದು ಎಲ್ಲಾದರೂ ತಪ್ಪು ಹೇಳಿದರೆ ಹಿಡಿಯಲು ಹಳೆಯ ಟೀಚರೊಬ್ಬರು ಬೇಕಂತೆ. ತಪ್ಪು ಹಿಡಿಯುವುದೆಂದರೆ ನನಗೆ, ಅಫ್‌ಕೋರ್ಸ್, ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಷ್ಟು ಖುಷಿ. ಕೆಂಪು ಪೆನ್ನು ಹುಡುಕಿ ಪರ್ಸಿಗೆ ಹಾಕಿಕೊಂಡೇ ಹೋದೆ.

ಅಂದು ನಾಲಿಗೆಯ ಪಾಠ. ಎಐ ಬಾಯಿ ತೆರೆಯುವ ಮೊದಲೇ ಬೋರ್ಡಿನ ಮೇಲೆ ನನ್ನ ಫೇಮಸ್ ನಕಾಶೆ ಬರೆದೆ: ತುದಿಗೆ ಸಿಹಿ, ಬದಿಗೆ ಹುಳಿ, ಹಿಂದೆ ಕಹಿ. ಮೂವತ್ತು ವರ್ಷ ಕಣ್ಣು ಮುಚ್ಚಿ ಬರೆದ ಡಯಾಗ್ರಾಮು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎಐಗೆ, ‘ಟೀಚರ್ ಬರದಿದ್ದು ಖರೇ ಏನು?’ ಎಂದು ಕೇಳಿಯೇಬಿಟ್ಟಳು. ಅದು ಬಲು ಮರ್ಯಾದೆಯಿಂದ, ಇದು ಹಳೆಯ ತಪ್ಪು ಕಲ್ಪನೆ, ಕಹಿ ತುದಿಗೂ ತಿಳಿಯುತ್ತದೆ ಎಂದಿತು. ಕೆಂಪು ಪೆನ್ನು ತೆಗೆದೆ. ಹೊಸ ಪುಸ್ತಕ ತಿರುವಿ ನೋಡಿದೆ. ಪೆನ್ನು ಮುಚ್ಚಿದೆ.

ನೆನಪಾದದ್ದು ನೀಲವ್ವ. ಶಿಗ್ಗಾಂವಿಯಲ್ಲಿ, ಏಳನೇ ಕ್ಲಾಸಿನಲ್ಲಿ ಎದ್ದು ನಿಂತು, ‘ಟೀಚರ್, ನನಗ ಹಾಗಲಕಾಯಿ ತುದೀಗೇ ಕಹಿ ಹತ್ತತೈತ್ರಿ’ ಎಂದಿದ್ದಳು. ‘ಹಾಗಾದರೆ ನಿನ್ನ ನಾಲಿಗೆಯೇ ರಾಂಗ್’ ಎಂದಿದ್ದೆ. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಲಗ್ನವಾಗಿ ಈ ಊರಿಗೆ ಬಂದ ಅದೇ ನೀಲವ್ವ, ಈಗ ಈ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ.

ಬೆಲ್ ಆದದ್ದೇ ಅಡುಗೆಮನೆಗೆ ಹೋದೆ. ದೊಡ್ಡ ಪಾತ್ರೆ ಕೊತಕೊತ ಕುದಿಯುತ್ತಿತ್ತು.

‘ಸಾರಿ, ನೀಲವ್ವ.’

‘ಸಾರು ಬೇಕೇನ್ರಿ ಟೀಚರ್? ಬರ್ರಿ, ಕುಂದರ್ರಿ. ಚಲೋ ಆತು ಬಂದ್ರಿ, ಉಪ್ಪು ನೋಡಿ ಹೇಳ್ರಿ.’

‘ನೀನೇ ನೋಡು.’

‘ಯವ್ವಾ, ನನ್ನ ನಾಲಗಿ ರಾಂಗ್ ಐತಲ್ರಿ! ನೀವ ಹೇಳಿದ್ರಲ್ಲ. ಅವತ್ತಿಂದ ಉಪ್ಪು, ಹುಳಿ ಎಲ್ಲಾ ಬ್ಯಾರೇದವ್ರ ಕಡೆ ನೋಡಸ್ತೇನಿ.’

ನಕ್ಕಳು, ಆದರೆ ತಮಾಷೆ ಮಾಡುತ್ತಿರಲಿಲ್ಲ. ಸಾರು ಹಾಕಿದ ವಾಟಿ ಹಿಡಿದು ನನ್ನ ತೀರ್ಪಿಗೆ ಕಾದಳು. ರಾಂಗ್ ಇದ್ದದ್ದು ನಾನು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಸರಿಯಾಗಿ ತುದಿಗೇ ಕಹಿ ಹತ್ತಿತು. ಅದನ್ನು ಸಾರಿನ ಜೊತೆ ನುಂಗಿದೆ. ಉಪ್ಪು ಕಡಿಮೆ ಇತ್ತು.

‘ಬರೋಬ್ಬರಿ ಐತಿ’ ಎಂದೆ.

ಅವಳು ಖುಷಿಯಿಂದ ಒಲೆ ಆರಿಸಿದಳು. ಮಕ್ಕಳು ಸಪ್ಪೆ ಸಾರು ಉಂಡವು. ತಪ್ಪು ಹಿಡಿಯಲು ಅಡುಗೆಮನೆಯಲ್ಲಿ ಎಐ ಇರಲಿಲ್ಲ ನೋಡಿ, ನಾನೊಬ್ಬಳೇ ಇದ್ದೆ.