ಹೆದರಿಕೆ ಬರೆಸಿದ ನಕಾಶೆ

ಧೈರ್ಯವಂತರು ತಮ್ಮ ಧೈರ್ಯದ ಬಗ್ಗೆ ಭಾಷಣ ಮಾಡುತ್ತಾರೆ, ಸನ್ಮಾನ ಮಾಡಿಸಿಕೊಳ್ಳುತ್ತಾರೆ, ಮೊಮ್ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಕಥೆ ಹೇಳುತ್ತಾರೆ. ಅಂಜುಬುರುಕರು ಮಾತ್ರ ಎಲ್ಲಿಯೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡುವುದಕ್ಕೂ ಅಂಜಿಕೆ. ಹಾಗಾಗಿ ನಮ್ಮಂಥವರು ಎಷ್ಟು ಜನ ಇದ್ದಾರೆಂಬುದು ಹೊರಗಿನವರಿಗೆ ಗೊತ್ತೇ ಆಗಿಲ್ಲ. ನಾನಂತೂ ಇವತ್ತು ಒಪ್ಪಿಕೊಂಡುಬಿಡುತ್ತೇನೆ. ನನಗೆ ನಾಯಿಯ ಹೆದರಿಕೆ ಇದೆ, ಕಬ್ಬು ಹೇರಿಕೊಂಡು ಎರಡೆರಡು ಟ್ರೇಲರ್ ಎಳೆಯುತ್ತ ಬರುವ ಟ್ರ್ಯಾಕ್ಟರಿನ ಹೆದರಿಕೆ ಇದೆ, ತಡೆಗೋಡೆಯಿಲ್ಲದ ಸೇತುವೆ, ಇಳಿಜಾರು, ಹರಿಯುವ ನೀರು, ನಿಂತ ನೀರು ಎಲ್ಲದರದ್ದೂ ಇದೆ. ಇಷ್ಟನ್ನೂ ಮೈತುಂಬ ಇಟ್ಟುಕೊಂಡು ಐವತ್ತೆರಡನೆಯ ವಯಸ್ಸಿನಲ್ಲಿ ಸೈಕಲ್ ಕೊಂಡೆ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ ಎಂದು ಡಾಕ್ಟರು ಹೇಳಿದಾಗ, ಆ ಸಕ್ಕರೆಯ ಹೆದರಿಕೆ ಉಳಿದೆಲ್ಲ ಹೆದರಿಕೆಗಳಿಗಿಂತ ಒಂದು ಕೈ ಮೇಲಾದದ್ದೇ ಇದಕ್ಕೆ ಕಾರಣ.

ಕೊಳ್ಳುವುದು ಕೊಂಡೆ, ಬೇರೆ ಯಾವುದಾದರೂ ಊರಲ್ಲಿ ಕೊಳ್ಳಬೇಕಿತ್ತು. ನಮ್ಮ ವಿಜಯಪುರದಲ್ಲಿ ಸೈಕಲ್ ಎಂದರೆ ಹುಡುಗಾಟವಲ್ಲ. ಬೆಳಗಾಗುವುದರೊಳಗೆ ಟಿಕೋಟಾ ರಸ್ತೆಗೆ ಹೋಗಿ ನಿಂತರೆ, ಪಂದ್ಯಕ್ಕೆ ತಯಾರಾಗುವ, ಹೆಲ್ಮೆಟ್ ತೊಟ್ಟ ಹದಿನಾಲ್ಕು ಹದಿನೈದರ ಹುಡುಗಿಯರು ತಲೆ ತಗ್ಗಿಸಿಕೊಂಡು ಬಸ್ಸನ್ನೂ ಹಿಂದೆ ಹಾಕಿ ಹೋಗುತ್ತಿರುತ್ತಾರೆ. ಒಮ್ಮೆ ಅಂಥವಳೊಬ್ಬಳು ನನ್ನನ್ನು ದಾಟುವಾಗ "ಬಾಜೂ ಸರೀರಿ ಕಾಕಾ" ಎಂದು ಕೂಗಿದಳು. ನಾನು ಆಗಲೇ ರಸ್ತೆ ಬಿಟ್ಟು ಜೋಳದ ಹೊಲದ ಬದುವಿನ ಮೇಲಿದ್ದೆ. ಇನ್ನು ನನ್ನ ಸವಾರಿಯ ಕ್ರಮ ಹೀಗೆ: ಏರು ಬಂದರೆ ದಮ್ಮು ಹತ್ತುತ್ತದೆಂದು ಇಳಿದು ತಳ್ಳುತ್ತೇನೆ. ಇಳಿಜಾರು ಬಂದರೆ ಬ್ರೇಕು ಕೈಕೊಟ್ಟರೆ ಗತಿಯೇನು ಎಂದು ಇಳಿದು ತಳ್ಳುತ್ತೇನೆ. ಸಮತಟ್ಟಾದ ರಸ್ತೆಯಲ್ಲಿ ಹತ್ತುತ್ತೇನೆ, ಅದೂ ಎದುರಿನಿಂದ ಯಾರೂ ಬರದಿದ್ದರೆ. ಹೀಗೆ ತಳ್ಳಿ ತಳ್ಳಿಯೇ ಮೂರು ತಿಂಗಳಲ್ಲಿ ನನ್ನ ಸಕ್ಕರೆ ಇಳಿಯಿತು. ಡಾಕ್ಟರು ಸೈಕಲ್ಲನ್ನು ಹೊಗಳಿದರು.

ಊರಲ್ಲಿ ನಮ್ಮದೊಂದು ಮುಂಜಾನೆಯ ಸೈಕಲ್ ಬಳಗವಿದೆ. ಬ್ಯಾಂಕಿನವರು, ವಕೀಲರು, ಕಿರಾಣಿ ಅಂಗಡಿಯವರು, ಕೆಲವರ ಹೆಂಡಂದಿರು ಎಲ್ಲ ಸೇರಿ ಹದಿನೆಂಟು ಜನ, ಎಲ್ಲರೂ ಪಟ್ಟಣದವರೇ. ನಿವೃತ್ತ ಪಿ.ಟಿ. ಮಾಸ್ತರರಾದ ಮಲ್ಲನಗೌಡರು ಬಳಗದ ಯಜಮಾನರು. ಅರವತ್ತೈದು ದಾಟಿದರೂ ಈಗಲೂ ಸೀಟಿ ಊದಿಯೇ ಮಾತು ಶುರುಮಾಡುತ್ತಾರೆ. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಈ ಒಂದೇ ಕಾರಣಕ್ಕೆ ಅವರು ನನ್ನನ್ನು ಹಿಡಿದು, "ಸರ್, ಒಂದ್ ಐತವಾರ ಎಲ್ಲಾರೂ ಕೂಡಿ ದೂರ ಹೋಗೂಣ. ದಾರಿ ನೀವ ಹಾಕಿ ಕೊಡ್ರಿ" ಎಂದರು. ಹಿಮಾಲಯದಿಂದ ಹಿಡಿದು ಆಂಡೀಸ್ ಪರ್ವತದವರೆಗೆ ಕೋಲಿನ ತುದಿಯಲ್ಲೇ ದಾಟಿದವನು ನಾನು. ಟಿಕೋಟಾದಿಂದ ಬಬಲೇಶ್ವರಕ್ಕೆ ದಾರಿ ಹಾಕುವುದು ಯಾವ ದೊಡ್ಡ ಕೆಲಸ? ಬಣ್ಣದ ಪೆನ್ಸಿಲ್ ತೆಗೆದುಕೊಂಡು ಕೂತೆ. ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಕಾಟ, ನೀರಾದರೆ ತಾನಾಗಿ ಮೈಮೇಲೆ ಬರುವುದಿಲ್ಲ, ಅದಕ್ಕೆ ಟಿಕೋಟಾ ದಾಟಿದೊಡನೆ ದಾರಿಯನ್ನು ಕಾಲುವೆಯ ದಂಡೆಗೆ ಇಳಿಸಿದೆ. ಮುಂದೆ ದ್ರಾಕ್ಷಿ ತೋಟದೊಳಗಿನ ವಸ್ತಿಮನೆಗಳು. ಒಂದೊಂದು ವಸ್ತಿಗೆ ಮೂರು ಮೂರು ನಾಯಿ ಇರುವುದನ್ನು ಬಸ್ಸಿನ ಕಿಟಕಿಯಿಂದ ಎಣಿಸಿಟ್ಟಿದ್ದೆ. ಅದಕ್ಕೆ ದಾರಿಯನ್ನು ಗುಡ್ಡದ ಸೆರಗಿಗೆ ಸರಿಸಿದೆ. ಡೋಣಿ ಹೊಳೆಯನ್ನು ತಗ್ಗಿನ ಸೇತುವೆಯ ಮೇಲೆ ದಾಟುವ ಎದೆಗಾರಿಕೆ ಇಲ್ಲದ್ದರಿಂದ ದೊಡ್ಡ ಸೇತುವೆ ಸಿಗುವವರೆಗೆ ಹೊಳೆಯ ದಂಡೆಗುಂಟ ಎಳೆದೆ. ಕೊನೆಗೆ ಉಳಿದದ್ದು, ಬಬಲೇಶ್ವರದ ಹತ್ತಿರ ನಾವು ತಿಂಡಿಗೆ ನಿಲ್ಲಬೇಕಿದ್ದ ನನ್ನ ಸೋದರತ್ತೆಯ ಊರಿಗೆ ಇಳಿಯುವ ಭಾರೀ ಇಳಿಜಾರು. ಅದನ್ನು ತಪ್ಪಿಸಲು ಕೆರೆಯೊಳಗಿನಿಂದಲೇ ಅಡ್ಡ ಹೊಡೆದೆ. ನಮ್ಮ ಕಡೆ ಕೆರೆ ಎಂದರೆ ಜಾಲಿಗಿಡ ಬೆಳೆದ ಒಂದು ದೊಡ್ಡ ತಗ್ಗು. ಚಿಕ್ಕಂದಿನಲ್ಲಿ ರಜೆಗೆ ಅತ್ತೆಯ ಮನೆಗೆ ಹೋದಾಗ ನಾವು ಕ್ರಿಕೆಟ್ ಆಡುತ್ತಿದ್ದದ್ದು ಆ ಕೆರೆಯಲ್ಲೇ. ನಟ್ಟನಡುವೆ ಬಂಡಿ ದಾರಿ ಇತ್ತು, ಮದುವೆಯ ದಿಬ್ಬಣವೂ ಅದರಲ್ಲೇ ಹೋಗುತ್ತಿತ್ತು.

ನಕಾಶೆಯ ಫೋಟೋ ಬಳಗದ ವಾಟ್ಸಾಪಿಗೆ ಬಿದ್ದದ್ದೇ ತಡ, ಹೊಗಳಿಕೆಯ ಮಳೆ. ಮಲ್ಲನಗೌಡರು ಧ್ವನಿ ಸಂದೇಶವನ್ನೇ ಕಳಿಸಿದರು: "ಏನ್ ದಾರಿ ಹಾಕೀರಿ ಸರ್! ಕಾಲುವಿ, ಹೊಳಿ, ಗುಡ್ಡ, ಕೆರಿ ಎಲ್ಲಾ ಒಂದರಾಗ ಹೆಣದೀರಿ. ನಿಮ್ಮಂಥ ನಿಸರ್ಗಪ್ರೇಮಿ ಈ ಜಿಲ್ಲಾದಾಗ ಇನ್ನೊಬ್ರಿಲ್ಲ ಬಿಡ್ರಿ." ನಾನು ಹೆದರಿ ತಿರುಗಿಸಿದ ತಿರುವುಗಳೆಲ್ಲ ಅವರಿಗೆ ಸೌಂದರ್ಯವಾಗಿ ಕಂಡಿದ್ದವು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಯಾರೋ, "ಸರ್, ನೀವು ಇದನ್ನೆಲ್ಲಾ ತುಳದ ನೋಡೀರೇನ್ರಿ?" ಎಂದು ಕೇಳಿದರು. ಹೊಗಳಿಕೆಯ ಗುಂಗಿನಲ್ಲಿದ್ದ ನನ್ನ ಹೆಬ್ಬೆರಳು ನನ್ನನ್ನು ಒಂದು ಮಾತೂ ಕೇಳದೆ "ಹೌದು, ಹೋದ ತಿಂಗಳು, ಒಬ್ಬನೇ" ಎಂದು ಒತ್ತಿಬಿಟ್ಟಿತು.

ನನ್ನ ಹೆಂಡತಿ ಸರೋಜಾಳೂ ಆ ಬಳಗದಲ್ಲಿದ್ದಾಳೆ. ಅವಳು ಕನಮಡಿಯ ಹೆಣ್ಣು. ಹತ್ತನೆಯ ವಯಸ್ಸಿಗೇ ಅಪ್ಪನ ದೊಡ್ಡ ಸೈಕಲ್ಲಿನ ದಂಡಿಗೆಯ ಕೆಳಗೆ ಕಾಲು ತೂರಿಸಿ ಊರೆಲ್ಲ ತಿರುಗಿದವಳು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನಮ್ಮ ಮನೆಯ ಹಲ್ಲಿ, ಚೇಳು, ಜಗಳಗಂಟ ಬಾಡಿಗೆದಾರರನ್ನೆಲ್ಲ ಓಡಿಸಿದ್ದು ಅವಳೇ. ನಾನು ಬಾಗಿಲ ಹಿಂದೆ ನಿಂತು ಟಾರ್ಚು ಹಿಡಿಯುತ್ತಿದ್ದೆ. ಅವಳು ಫೋನು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. "ಹೋದ ತಿಂಗಳ ನಾ ತವರಮನಿಗೆ ಹೋದಾಗ ಹೋಗಿದ್ರೇನ್ರಿ? ನನಗ ಹೇಳೇ ಇಲ್ಲಲ್ಲ!" ಎಂದಳು. ಆಗಲೇ ಒಪ್ಪಿಕೊಳ್ಳಬಹುದಿತ್ತು. ಆದರೆ ಅವಳ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ಬೆಳಕಿತ್ತು. "ನೀ ಹೆದರತಿ ಅಂತ ಹೇಳಲಿಲ್ಲ" ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ದೇವರಿಗೇ ಗೊತ್ತು. ಅಂದಿನಿಂದ ಸರೋಜಾ ಬೇರೆಯೇ ಆದಳು. ನೆರೆಯವರ ಮುಂದೆ "ನಮ್ಮನಿಯವರು ಒಬ್ಬರ ಹೋಗಿ ಬಂದಾರ್ರೀ" ಎಂದು ಹೇಳುವುದೇನು, ರೊಟ್ಟಿಗೆ ಕೇಳದೆಯೇ ಬೆಣ್ಣೆ ಹಾಕುವುದೇನು! ಹಲ್ಲಿ ಬಂದರೂ ಈಗ ನನ್ನನ್ನೇ ಕರೆಯತೊಡಗಿದಳು. ಹಲ್ಲಿಯ ಹೆದರಿಕೆಯನ್ನು ಹೇಗೋ ನುಂಗಿಕೊಂಡೆ. ಆದರೆ ಈ ಸುಳ್ಳು ಬಯಲಾದರೆ ಆ ಬೆಳಕು ಆರಿಹೋಗುತ್ತದೆ ಎಂಬ ಹೆದರಿಕೆಯ ಮುಂದೆ ನನ್ನ ಹಳೆಯ ಹೆದರಿಕೆಗಳೆಲ್ಲ ಮಕ್ಕಳಾಟಿಕೆ ಅನ್ನಿಸಿದವು.

ಆ ಭಾನುವಾರ ಬಂದೇ ಬಂತು. ಜ್ವರ ಬರಲಿ ಎಂದು ಎರಡು ದಿನ ತಣ್ಣೀರಿನಲ್ಲಿ ಸ್ನಾನ ಮಾಡಿದ್ದೂ ವ್ಯರ್ಥವಾಯಿತು. ದಾರಿ ಹಾಕಿದವರೇ ಮುಂದಿರಬೇಕು ಎಂದು ಎಲ್ಲರೂ ಹಟ ಹಿಡಿದರು. ನಾನು, ನಾಯಕನಾದವನು ಹಿಂದೆ ಇದ್ದು ಎಲ್ಲರ ಮೇಲೂ ಕಣ್ಣಿಡಬೇಕು ಎಂದೆ. ಮಲ್ಲನಗೌಡರು ಅದಕ್ಕೂ ತಲೆದೂಗಿ, "ಇದು ನೋಡ್ರಿ ದೊಡ್ಡಸ್ತನಾ" ಎಂದರು. ಕಾಲುವೆಯ ದಂಡೆಯಲ್ಲಿ ನಾನು ನೀರಿನ ಕಡೆ ನೋಡಲಿಲ್ಲ, ಗುಡ್ಡದ ಸೆರಗಿನಲ್ಲಿ ಮೇಲೆ ನೋಡಲಿಲ್ಲ, ಡೋಣಿಯ ಸೇತುವೆಯ ಮೇಲೆ ಕಣ್ಣನ್ನೇ ಅರೆಮುಚ್ಚಿದೆ. ಉಳಿದವರೆಲ್ಲ ಅಬ್ಬಬ್ಬಾ ಎನ್ನುತ್ತ ಫೋಟೋ ತೆಗೆದರು. ನಿಸರ್ಗ ಹೇಗಿತ್ತೆಂದು ನನಗೆ ಗೊತ್ತಾದದ್ದು ಮರುದಿನ ಆ ಫೋಟೋಗಳಲ್ಲಿಯೇ. ಸರೋಜಾ ಮಾತ್ರ ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು ಎಲ್ಲರಿಗಿಂತ ಮುಂದೆ ಹಾಡಿಕೊಂಡು ಹೋಗುತ್ತಿದ್ದಳು. ನಡುನಡುವೆ ತಿರುಗಿ, "ಇಲ್ಲಿಂದ ಎಡಕೋ ಬಲಕೋ?" ಎಂದು ಕೂಗುತ್ತಿದ್ದಳು. ನಾನು ಗಂಭೀರವಾಗಿ ಕೈ ತೋರುತ್ತಿದ್ದೆ. ಹೆದರುತ್ತ ಹೆದರುತ್ತಲೇ ಬಹುತೇಕ ದಾರಿ ಸವೆದಿತ್ತು. ಇನ್ನೊಂದು ಕೆರೆ ದಾಟಿದರೆ ಅತ್ತೆಯ ಊರು. ಅಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಕಾದಿವೆ, ನಮ್ಮನ್ನು ವಾಪಸ್ ಒಯ್ಯಲು ಬಬಲೇಶ್ವರದಿಂದ ಟೆಂಪೋ ಬರುತ್ತದೆ, ಸುಳ್ಳು ದಡ ಸೇರುತ್ತದೆ ಎಂದು ಮೊದಲ ಬಾರಿ ನಿರಾಳವಾಗಿ ಉಸಿರು ಬಿಟ್ಟೆ.

ಕೊನೆಯ ತಿರುವಿನಲ್ಲಿ ಎಲ್ಲರೂ ನಿಂತಿದ್ದರು. ಹೋಗಿ ನೋಡಿದರೆ ಬಂಡಿ ದಾರಿ ನೆಟ್ಟಗೆ ಇಳಿದು ನೀರಿನೊಳಗೆ ಹೋಗಿತ್ತು. ನೀರು ಎಂದರೆ ಕಣ್ಣು ಹಾಯುವಷ್ಟು ನೀರು! ನಾವು ಸ್ಟಂಪು ನೆಡುತ್ತಿದ್ದ ಜಾಗದಲ್ಲಿ ಬೆಳ್ಳಕ್ಕಿ ಮೀನು ಹುಡುಕುತ್ತ ಹಾರುತ್ತಿತ್ತು. ಕೃಷ್ಣೆಯ ನೀರನ್ನು ಕಾಲುವೆಯಲ್ಲಿ ತಂದು ಈ ಕಡೆಯ ಕೆರೆಗಳನ್ನೆಲ್ಲ ತುಂಬಿದ್ದನ್ನು ನಾನು ಪೇಪರಿನಲ್ಲಿ ಓದಿದ್ದೆ, ಪಾಠದಲ್ಲಿ ಮಕ್ಕಳಿಗೂ ಹೇಳಿದ್ದೆ. ಆದರೆ ಆ ಊರ ಕಡೆ ಬಂದು ಎಷ್ಟೋ ವರ್ಷಗಳಾಗಿದ್ದವು. ಓದಿದ್ದೇ ಬೇರೆ, ನಂಬಿದ್ದೇ ಬೇರೆ. ಕೆರೆಯಲ್ಲಿ ನೀರಿರುತ್ತದೆ ಎನ್ನುವುದು ನಮ್ಮ ಕಡೆ ಹುಟ್ಟಿ ಬೆಳೆದ ನನ್ನ ವಯಸ್ಸಿನವರ ತಲೆಗೆ ಹೊಳೆಯುವುದೇ ಇಲ್ಲ.

ಮಲ್ಲನಗೌಡರು ಮಾತ್ರ ಹಿಗ್ಗಿ ಹೀರೇಕಾಯಿಯಾದರು. ಸೀಟಿ ಊದಿ, "ಈಗ ತಿಳೀತು ನೋಡ್ರಿ! ಸರ್ ನಮ್ಮನ್ನ ಪರೀಕ್ಷಾ ಮಾಡಾಕತ್ತಾರ. ಹೋದ ತಿಂಗಳ ಒಬ್ಬರ ದಾಟ್ಯಾರ ಅಂದ್ರ ಮೊಣಕಾಲ ಮಟ್ಟ ಇರತೈತಿ, ಅಷ್ಟ. ಎಲ್ಲಾರೂ ಸೈಕಲ್ ಹೆಗಲಿಗೆ ಏರಿಸ್ರಿ. ಸರ್, ನೀವು ಮುಂದ ನಡೀರಿ" ಎಂದರು. ನೋಡನೋಡುತ್ತಿದ್ದಂತೆ ಹದಿನೇಳು ಜನರೂ ಪ್ಯಾಂಟು ಮಡಚತೊಡಗಿದರು. ಇಲ್ಲ ಎನ್ನಲು ಬಾಯಿ ತೆರೆದೆ. ಎದುರಿಗೆ ಸರೋಜಾಳ ಮುಖ, ಅದೇ ಬೆಳಕು. ಬಾಯಿ ಮುಚ್ಚಿಕೊಂಡು, ಸೈಕಲ್ ಹೊತ್ತುಕೊಂಡು ನೀರಿಗೆ ಇಳಿದೆ. ನಂಬುತ್ತೀರೋ ಇಲ್ಲವೋ, ಮುಳುಗುವುದಕ್ಕಿಂತ ನಗೆಗೀಡಾಗುವುದಕ್ಕೇ ಹೆಚ್ಚು ಹೆದರುವಂಥ ಅಂಜುಬುರುಕ ನಾನು. ಮೊದಲ ಹೆಜ್ಜೆಗೆ ನೀರು ಮೀನಖಂಡಕ್ಕೆ ಬಂತು, ನಾಲ್ಕನೆಯದಕ್ಕೆ ತೊಡೆಗೆ. ಕಾಲ ಕೆಳಗೆ ಎರೆಮಣ್ಣು ಮೆತ್ತಗೆ ಕುಸಿಯುತ್ತಿತ್ತು. ಅಷ್ಟರಲ್ಲಿ ಹಿಂದೆ ನೀರಿನ ಸಪ್ಪಳವಾಯಿತು. ತಿರುಗಿದರೆ ಸರೋಜಾ! ಅವಳಿಗೂ ಈಜು ಬಾರದು. ಕೊಡ ತುಂಬುವುದಕ್ಕೇ ನೀರು ಸಾಲದ ಕಾಲದಲ್ಲಿ ಕನಮಡಿಯಲ್ಲಿ ಬೆಳೆದವಳು ಈಜು ಕಲಿಯುವುದಾದರೂ ಎಲ್ಲಿ? "ನಡೀರಿ, ನಿಮ್ಮ ಹಿಂದ ನಾ ಅದೀನಿ" ಎಂದು ನಗುತ್ತ, ನಾನಿಟ್ಟ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡುತ್ತಿದ್ದಳು.

ನನ್ನ ಜೀವ ಬಾಯಿಗೆ ಬಂತು. ಅದರ ಜೊತೆಗೆ ಮಾತೂ ಬಂತು. "ಬರಬ್ಯಾಡ! ಯಾರೂ ಬರಬ್ಯಾಡ್ರಿ! ನಾ ಈ ದಾರಿಗೆ ಬಂದೇ ಇಲ್ಲ! ಸುಳ್ಳ ಹೇಳೀನಿ!" ಎಂದು ಒದರಿದೆ. ನನ್ನ ಗಂಟಲಿಗೆ ಅಷ್ಟು ದನಿಯಿದೆ ಎಂದು ನಮ್ಮ ಶಾಲೆಯ ಯಾವ ಹುಡುಗರಿಗೂ ಗೊತ್ತಿಲ್ಲ. ಎಲ್ಲರೂ ಮಡಚಿದ ಪ್ಯಾಂಟಿನಲ್ಲೇ ಕಲ್ಲಾಗಿ ನಿಂತರು. ಕೆರೆಯ ಒಡ್ಡಿನ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ಕಂಡು, "ಎಲ್ಲಿ ಹೊಂಟೀರಿ ಯಪ್ಪಾ ಸೈಕಲ್ ಹೊತ್ಕೊಂಡು? ಮುಂದ ಎರಡಾಳ ನೀರೈತಿ. ಕೆರಿ ತುಂಬಿ ವರ್ಷಗಟ್ಟಲೆ ಆತು. ಒಡ್ಡಿನ ಮ್ಯಾಲ ಛಲೋ ದಾರಿ ಐತಿ, ಬರ್ರಿ" ಎಂದಳು. ಮಲ್ಲನಗೌಡರು ನನ್ನನ್ನೊಮ್ಮೆ ನೋಡಿ, ಸೀಟಿಯನ್ನು ಕಿಸೆಗೆ ಹಾಕಿಕೊಂಡು ಒಡ್ಡು ಹತ್ತಿದರು. ಅವರು ಬೈದಿದ್ದರೆ ವಾಸಿ ಇತ್ತು.

ಎಲ್ಲರೂ ಒಡ್ಡಿನ ಮೇಲೆ ತುಳಿದುಕೊಂಡು ಹೋದರು. ಒಂದು ಕಡೆ ಕೆರೆ, ಇನ್ನೊಂದು ಕಡೆ ಪ್ರಪಾತದಂಥ ಇಳುಕಲು. ನಾನು ಇಳಿದು ತಳ್ಳುತ್ತಿದ್ದೆ. ಸರೋಜಾಳೂ ಇಳಿದು ನನ್ನ ಪಕ್ಕದಲ್ಲಿ ನಡೆದಳು. ಒದ್ದೆ ಚಪ್ಪಲಿಗಳು ಪಚಪಚ ಎನ್ನುತ್ತಿದ್ದವು. ಆಮೇಲೆ, "ಆ ವಾರ ಖರೇ ಎಲ್ಲಿದ್ರಿ?" ಎಂದಳು.

"ಮನ್ಯಾಗ. ಎರಡೂ ಚಿಲಕ ಹಾಕ್ಕೊಂಡು" ಎಂದೆ.

ಅವಳು ನಗಲಿಲ್ಲ. "ನೀವು ತೊಡಿಮಟ ನೀರಾಗ ಹೋದಾಗ ಬಾಯಿ ಬಿಡಲಿಲ್ಲ. ನಾ ಇಳದ ಕೂಡ್ಲೆ ಯಾಕ ಅಷ್ಟ ಒದರಿದ್ರಿ?"

"ಹೆದರಿಕಿ ಬಂತು."

"ನಿಮಗ ಹೆದರಿಕಿ ಬರೂದು ಹೊಸಾದೇನಲ್ಲ" ಎಂದವಳು ಓಢಣಿಯನ್ನು ಮತ್ತೆ ಸೊಂಟಕ್ಕೆ ಬಿಗಿದುಕೊಂಡು, "ಆದ್ರ ಇದು ಛಲೋ ಇತ್ತು" ಎಂದು ಹೇಳಿ ಸೈಕಲ್ ಹತ್ತಿ ಹೊರಟೇಬಿಟ್ಟಳು. ನನಗೆ ಬೈದಳೋ ಹೊಗಳಿದಳೋ ಇವತ್ತಿಗೂ ತಿಳಿದಿಲ್ಲ. ಕೇಳಲು ಧೈರ್ಯ ಸಾಲದು.

ರೊಟ್ಟಿಯ ಮೇಲಿನ ಬೆಣ್ಣೆ ಮರುದಿನವೇ ನಿಂತಿತು. ನಾನು ಸೈಕಲ್ಲನ್ನು ಮೂಲೆಗೆ ಒರಗಿಸಿದೆ. ಸರೋಜಾ ಮಾತ್ರ ಪ್ರತಿ ಭಾನುವಾರ ಬಳಗದ ಜೊತೆ ಹೊರಡತೊಡಗಿದಳು, ಒಂದು ವಾರ ಹೊನವಾಡದ ಕಡೆಗೆ, ಇನ್ನೊಂದು ವಾರ ಡೋಣಿಯ ಕಡೆಗೆ. ಮೊದಲ ಭಾನುವಾರ ಮನೆಯಲ್ಲಿ ಕೂತು ಪೇಪರು ಓದಿದೆ. ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಟ್ರ್ಯಾಕ್ಟರು, ನಾಯಿ, ನೀರು ಎಲ್ಲ ಹಜಾರದಲ್ಲೇ ಬಂದು ಕೂತಂತಾಯಿತು. ಎರಡನೆಯ ಭಾನುವಾರ ಹನ್ನೊಂದು ಸಲ ಫೋನು ಮಾಡಿದೆ. ಮೂರನೆಯ ಭಾನುವಾರ ಅವಳು ಓಣಿಯ ತಿರುವು ದಾಟುವಷ್ಟರಲ್ಲಿ ನಾನೂ ಸೈಕಲ್ ತೆಗೆದೆ. ಅಂದಿನಿಂದ ಒಂದು ವಾರವೂ ತಪ್ಪಿಸಿಲ್ಲ. ಕೊನೆಗೂ ಸರ್‌ಗೆ ಧೈರ್ಯ ಬಂತು ಎಂದು ಮಲ್ಲನಗೌಡರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ನಾನು ತಿದ್ದಲು ಹೋಗಿಲ್ಲ. ಸರೋಜಾ ಮುಂದೆ, ನಾನು ಹಿಂದೆ. ಅವಳು ಒಮ್ಮೆಯೂ ತಿರುಗಿ ನೋಡುವುದಿಲ್ಲ. ನಾನೇ ಕೈಮುಗಿದು ಕೇಳಿಕೊಂಡಿದ್ದೇನೆ, ತಿರುಗಬೇಡ ಎಂದು. ತಿರುಗಿ ನೋಡುವಾಗ ಎಲ್ಲಿ ಬಿದ್ದಾಳೋ ಎಂಬ ಹೆದರಿಕೆ.