ನಾನು ಕೊಂದ ಗುಮಾಸ್ತ

ನನ್ನ ಕಂಠದ ಬಗ್ಗೆ ನನಗೆ ಯಾವತ್ತೂ ಅನುಮಾನವಿರಲಿಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು, ನಲ್ಲಿ ತಿರುಗಿಸಿದರೆ ಗಾಳಿ ಮಾತ್ರ ಬರುವ ಮನೆಗಳವರನ್ನು ಬರೀ ಫೋನಿನಲ್ಲೇ ತಣ್ಣಗೆ ಮಾಡುವ ಕಂಠ ಅದು. ನೀರಿಲ್ಲದೆಯೂ ಜನ ತಣ್ಣಗಾಗುತ್ತಾರೆಂದರೆ ಅದರ ಶಕ್ತಿಯನ್ನು ನೀವೇ ಅಂದಾಜು ಮಾಡಿಕೊಳ್ಳಿ. ಹಾಗಾಗಿ ನಮ್ಮ ಮಾವನವರಿಗೆ ಕಣ್ಣಿನ ಆಪರೇಷನ್ ಆಗಿ, "ಒಂದು ತಿಂಗಳು ಓದೋ ಹಾಗಿಲ್ಲ, ಟಿವಿ ನೋಡೋ ಹಾಗಿಲ್ಲ" ಎಂದು ಡಾಕ್ಟರು ಅಪ್ಪಣೆ ಕೊಡಿಸಿದಾಗ, ನಾನು ನಡುಮನೆಯಲ್ಲಿ ಎದ್ದು ನಿಂತು ಘೋಷಿಸಿಬಿಟ್ಟೆ.

"ಯೋಚನೆ ಮಾಡ್ಬೇಡಿ ಮಾವ. ದಿನಾ ಸಂಜೆ ನಾನೇ ಓದಿ ಹೇಳ್ತೀನಿ."

"ಕಣ್ಣಿಗೆ ಆಪರೇಷನ್ ಆಗಿದೆ ಅಂತ ಕಿವಿಗೂ ಶಿಕ್ಷೆ ಯಾಕ್ರೀ ಅಪ್ಪಂಗೆ?" ಎಂದಳು ನನ್ನ ಹೆಂಡತಿ.

ಈ ಘೋಷಣೆಯ ಹಿಂದೆ ನನ್ನದೊಂದು ಸ್ವಾರ್ಥವಿತ್ತು. ಮಾವನವರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಅವರು ಜೀವಮಾನವಿಡೀ ಹೆಚ್ಚು ಬಳಸಿದ್ದು ಎರಡೇ ಪದ: "ಎಲ್ಲಿ, ತೋರಿಸಿ." ಅಂಗೈ ಚಾಚಿ ಅಷ್ಟು ಹೇಳಿದರೆ ಟಿಕೆಟ್ ಇದ್ದವನೂ ಒಮ್ಮೆ ಬೆವರುತ್ತಿದ್ದನಂತೆ. ನಿವೃತ್ತಿಯಾದರೂ ಆ ಅಂಗೈ ನಿವೃತ್ತವಾಗಿಲ್ಲ. ಹಾಲು ತಂದೆ ಎಂದರೂ ಅಷ್ಟೇ, ನಲ್ಲಿ ರಿಪೇರಿ ಮಾಡಿಸಿದೆ ಎಂದರೂ ಅಷ್ಟೇ. ಇನ್ನು ಅವರ ಮೆಚ್ಚುಗೆಯ ಭಂಡಾರದಲ್ಲಿ ಇದ್ದದ್ದು ಒಂದೇ ಒಂದು ನಾಣ್ಯ: "ಪರವಾಗಿಲ್ಲ." ಅದು ಅವರ ಹಳೇ ಚರ್ಮದ ಚೀಲಕ್ಕೆ ಸಿಕ್ಕಿದೆ. ಕಣ್ಣಿನ ಡಾಕ್ಟರಿಗೆ ಸಿಕ್ಕಿದೆ. ನಮ್ಮ ಮನೆಯ ಫ್ರಿಜ್ಜಿಗೂ ಸಿಕ್ಕಿದೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅಳಿಯನಿಗೆ ಮಾತ್ರ ಸಿಕ್ಕಿರಲಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಈ ತಿಂಗಳು ಮುಗಿಯುವುದರೊಳಗೆ ಆ ಮಾತನ್ನು ಗಳಿಸಿಯೇ ತೀರಬೇಕೆಂದು ಪಣ ತೊಟ್ಟೆ.

ಲೈಬ್ರರಿಯಿಂದ ದಿಂಬಿನಷ್ಟು ದಪ್ಪನೆಯ ಗೂಢಚಾರಿ ಕಾದಂಬರಿಯೊಂದನ್ನು ಹೊತ್ತು ತಂದೆ. ಒಂದು ಗುಪ್ತ ಕಚೇರಿ. ಅದರಲ್ಲಿ ನಾಲ್ಕು ಜನ: ಒಬ್ಬ ಕರ್ನಲ್, ಒಬ್ಬ ರಾಯಭಾರಿ, ಒಬ್ಬಳು ಟೈಪಿಸ್ಟ್, ಸಂಕೇತದ ಭಾಷೆ ಬಿಡಿಸುವ ಒಬ್ಬ ಗುಮಾಸ್ತ. ನಾಲ್ವರಲ್ಲಿ ಒಬ್ಬರು ಶತ್ರುವಿನ ಕಡೆಯವರು. ಯಾರೆಂಬುದು ಕೊನೆಯ ಪುಟದವರೆಗೆ ಗುಟ್ಟು. ಓದುವ ಮೊದಲೇ ನಾನು ಮನೆಯಲ್ಲೊಂದು ಒಪ್ಪಂದ ಮಾಡಿಸಿದೆ. ಸಂಜೆ ಮೂವರೂ ಕೂತಾಗ ಬಿಟ್ಟರೆ ಯಾರೂ ಮುಂದಿನ ಪುಟ ಕದ್ದು ಓದಕೂಡದು.

"ನಾನಂತೂ ಓದೋ ಹಾಗಿಲ್ಲ. ನೀವಿಬ್ರೂ ಒಬ್ಬರನ್ನೊಬ್ರು ನೋಡ್ಕೊಳ್ಳಿ" ಎಂದರು ಮಾವ.

ಮೊದಲ ವಾರ ನನ್ನ ಓದು ಅಮೋಘವಾಗಿತ್ತು. ಕರ್ನಲ್‌ಗೆ ಗಂಟಲಿನಿಂದ, ಟೈಪಿಸ್ಟಳಿಗೆ ಮೂಗಿನಿಂದ ಮಾತಾಡಿದೆ. ಮಾವ ಒಂದು ಕಣ್ಣಿಗೆ ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು, ಕುರ್ಚಿಗೆ ಒರಗಿ ಕೇಳುತ್ತಿದ್ದರು. ಅವರಿಗೆ ಗುಮಾಸ್ತನ ಮೇಲೆ ವಿಶೇಷ ಪ್ರೀತಿ. "ಅವನೊಬ್ಬನೇ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರೋದು" ಎನ್ನುತ್ತಿದ್ದರು. ಆದರೆ ನನ್ನ ತಲೆಯೊಳಗೆ ಮಾತ್ರ ಹುಳ ಹೊಕ್ಕಿತ್ತು. ಆ ಪುಸ್ತಕದಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ. ಓದುತ್ತ ಓದುತ್ತ ನಾನೂ ನಂಬುವುದನ್ನು ಬಿಟ್ಟೆ. ಬಸ್ಸಿನಲ್ಲಿ ಪಕ್ಕದವನು ಕೆಮ್ಮಿದರೆ ಅದು ಯಾರಿಗೆ ಸನ್ನೆ ಎಂದು ಹಿಂದೆ ತಿರುಗಿ ನೋಡುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಪುಸ್ತಕ ತೆಗೆದವನ ಎದೆ ಧಸಕ್ಕೆಂದಿತು. ಗುರುತಿಗೆಂದು ನಾನು ಪುಟದ ನಡುವೆ ಡಾಕ್ಟರು ಬರೆದುಕೊಟ್ಟ ಔಷಧಿ ಚೀಟಿ ಇಡುತ್ತಿದ್ದೆ. ಯಾವಾಗಲೂ ಬರಹ ಮೇಲೆ ಕಾಣುವಂತೆ. ಅವತ್ತು ಅದು ಬೋರಲಾಗಿ ಬಿದ್ದಿತ್ತು!

ಒಪ್ಪಂದ ಮುರಿದಿದೆ. ಶತ್ರು ಮನೆಯೊಳಗೇ ಇದ್ದಾನೆ. ಅಥವಾ ಇದ್ದಾಳೆ. ಸಾಮಾನ್ಯ ಗಂಡನಾಗಿದ್ದರೆ "ಈ ಚೀಟಿ ಯಾರು ಮುಟ್ಟಿದ್ದು?" ಎಂದು ನೇರವಾಗಿ ಕೇಳುತ್ತಿದ್ದ, ಈ ಕಥೆಯೂ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಗೂಢಚಾರರು ನೇರವಾಗಿ ಕೇಳುವುದಿಲ್ಲ. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಸುತ್ತು ಬಳಸಿ ವಿಚಾರಣೆ ಶುರು ಮಾಡಿದೆ.

"ಮಧ್ಯಾಹ್ನ ಏನು ಮಾಡ್ತಿದ್ದೆ?"

"ಮಲಗಿದ್ದೆ."

"ಬರೀ ಮಲಗಿದ್ಯಾ?"

"ಇಲ್ಲ, ಮಧ್ಯೆ ಒಂದ್ಸಲ ಮಗ್ಗುಲು ಬದಲಾಯಿಸ್ದೆ. ಯಾಕ್ರೀ?"

ಎಂಥ ಪಳಗಿದ ಕೈ! ಇನ್ನು ಬಲೆ ಬೀಸುವುದೊಂದೇ ದಾರಿ ಎಂದು ನಿರ್ಧರಿಸಿದೆ. ಓದುವಾಗ ನಡುವೆ ಒಂದು ಹಸಿ ಸುಳ್ಳು ಸೇರಿಸಬೇಕು. ಮುಂದಿನದನ್ನು ಕದ್ದು ಓದಿದವರು ಬೆಚ್ಚಿಬಿದ್ದು "ಹಾಗಿಲ್ವಲ್ಲ" ಎನ್ನಬೇಕು. ಅಲ್ಲಿಗೆ ಸಿಕ್ಕಿಬಿದ್ದಂತೆ.

ಆ ಸಂಜೆಯ ಪುಟದಲ್ಲಿ ಗುಮಾಸ್ತ ಕಡತ ಹಿಡಿದು ಲಿಫ್ಟ್ ಹತ್ತುತ್ತಾನೆ. ಅಷ್ಟು ಓದಿದವನೇ ನಾನು ಪುಸ್ತಕದಿಂದ ಕಣ್ಣು ಕಿತ್ತು ಲಿಫ್ಟಿನ ತಂತಿ ತುಂಡರಿಸಿದೆ. ಆರನೇ ಅಂತಸ್ತಿನಿಂದ ಬೀಳಿಸಿದೆ. ಬೀಳುವ ಹೊತ್ತಿನಲ್ಲಿ ಅವನಿಗೆ ಬಾಲ್ಯದ ನೆನಪುಗಳನ್ನೂ ಕೊಟ್ಟೆ. ಅರ್ಧ ಗಂಟೆ ಬಿದ್ದ ಪಾಪ. ಕೊನೆಗೆ ನೆಲ ತಲುಪಿ ಸತ್ತ.

ನಾನು ಓರೆಗಣ್ಣಿನಿಂದ ಇಬ್ಬರನ್ನೂ ನೋಡಿದೆ. ಹೆಂಡತಿ ಬಟಾಣಿ ಸುಲಿಯುತ್ತಿದ್ದವಳು ಸುಲಿಯುತ್ತಲೇ ಇದ್ದಳು. ಮಾವ ಕತ್ತನ್ನು ಸ್ವಲ್ಪ ವಾಲಿಸಿ, ಏನೋ ಕೇಳಿಸಿಕೊಳ್ಳುವವರಂತೆ ಕೂತು, "ಹೂಂ" ಎಂದರು. ಅಷ್ಟೇ. ಅಂದರೆ ಇಬ್ಬರೂ ಸೇರಿಕೊಂಡಿದ್ದಾರೆ! ತಾನು ಕಳ್ಳ ಪರರ ನಂಬ ಎನ್ನುವ ಗಾದೆ ಆಗ ನನಗೆ ನೆನಪಾಗಲಿಲ್ಲ.

ಮಾರನೆಯ ಸಂಜೆ ಪುಸ್ತಕ ತೆರೆದೆ. ಗುಮಾಸ್ತ ಲಿಫ್ಟಿನಿಂದ ಆರಾಮಾಗಿ ಇಳಿದು ಟೀ ಕೇಳುತ್ತಿದ್ದ. ಕಣ್ಣಾಡಿಸಿದರೆ ಆ ಪುಣ್ಯಾತ್ಮ ಪುಟಪುಟದಲ್ಲೂ ಇದ್ದ. ಸತ್ತವನನ್ನು ಎಬ್ಬಿಸಿದರೆ ನನ್ನ ಮಾನ ಹೋಗುತ್ತದೆ. ಎಬ್ಬಿಸದಿದ್ದರೆ ಕಥೆ ಹೋಗುತ್ತದೆ. ಬೆವರು ಒರೆಸಿಕೊಂಡು ಓದಿದೆ:

"ಮೃತ ಗುಮಾಸ್ತನ ಕುರ್ಚಿಯಲ್ಲಿ ಆಗ ಅವನ ತಮ್ಮ ಬಂದು ಕುಳಿತ. ನೋಡಲು ಥೇಟ್ ಅಣ್ಣನಂತೆಯೇ ಇದ್ದ."

"ಅಣ್ಣ ಸತ್ತ ಮಾರನೇ ದಿನವೇ ಕೆಲಸ ಸಿಕ್ತಾ?" ಎಂದಳು ಹೆಂಡತಿ.

"ಅನುಕಂಪದ ಆಧಾರದ ಮೇಲೆ."

"ಒಂದೇ ದಿನಕ್ಕೆ ಆರ್ಡರ್ ಕೊಟ್ರಾ?" ಎಂದರು ಮಾವ. "ಅದ್ಯಾವ ಪುಣ್ಯವಂತ ಸರ್ಕಾರ?"

ಅಲ್ಲಿಂದ ಮುಂದೆ ಗುಮಾಸ್ತ ಎಂದಲ್ಲೆಲ್ಲ ತಮ್ಮ ಎಂದು ಓದುತ್ತ ಹೋದೆ. ಕೆಲಸ ಸುಲಭವೆನಿಸಿ ಬಾಯಿಗೆ ಸ್ವಲ್ಪ ವೇಗ ಬಂತು. ಅದೇ ತಪ್ಪಾದದ್ದು. "ತಮ್ಮ ಮನೆಗೆ ಬಂದವನೇ ಹೆಂಡತಿಯ ಭುಜದ ಮೇಲೆ ತಲೆಯಿಟ್ಟ" ಎಂದು ಓದಿಬಿಟ್ಟೆ. ತಮ್ಮನಿಗೆ ಮದುವೆಯಾಗಿಲ್ಲವೆಂದು ಆಗತಾನೇ ನಾನೇ ಹೇಳಿದ್ದೆ.

"ಯಾರ ಹೆಂಡತಿ?" ಬಟಾಣಿ ಸುಲಿಯುತ್ತಿದ್ದ ಕೈ ನಿಂತಿತು.

"ಅಣ್ಣನ ಹೆಂಡತಿ."

"ಅತ್ತಿಗೆ ಭುಜದ ಮೇಲೆ ತಲೆ ಇಟ್ನಾ?"

"ದುಃಖ ಕಣೇ. ದುಃಖದಲ್ಲಿ ಭುಜ ಯಾರದ್ದು ಅಂತ ಯಾರು ನೋಡ್ತಾರೆ?"

ಇನ್ನು ಪುಸ್ತಕ ನಂಬಿದರೆ ಕೆಟ್ಟೆ ಎಂದು ಗೊತ್ತಾಯಿತು. ಅವತ್ತಿನಿಂದ ಅದನ್ನು ಸುಮ್ಮನೆ ಎದುರಿಗೆ ಹಿಡಿದುಕೊಂಡು ಪೂರ್ತಿ ಕಥೆಯನ್ನು ನಾನೇ ಕಟ್ಟತೊಡಗಿದೆ. ಕಟ್ಟುವುದು ಹುಡುಗಾಟವೇ? ಸಂಜೆಗೆ ಬೇಕಾದ ಒಳಸಂಚನ್ನು ಬೆಳಿಗ್ಗೆಯಿಂದಲೇ ಬೇಯಿಸಬೇಕು. ಹಲ್ಲುಜ್ಜುತ್ತ ರಾಯಭಾರಿಯನ್ನು ಅಪಹರಿಸಿದೆ. ಚಪ್ಪಲಿ ಮೆಟ್ಟುತ್ತ ಬಿಡಿಸಿದೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು, ಅನ್ನ ರುಚಿಸದು. ಕಚೇರಿಯಲ್ಲಿ ಫೋನ್ ಎತ್ತಿದರೆ ಅತ್ತ ಕಡೆಯಿಂದ ಒಬ್ಬರು "ಎರಡು ದಿನದಿಂದ ನೀರೇ ಇಲ್ಲ ಸಾರ್" ಎಂದರು.

"ಕೊನೇ ಸಲ ನೀರನ್ನ ನೋಡಿದೋರು ಯಾರು?" ಎಂದು ಕೇಳಿದೆ. "ನಿಮ್ಮ ಮನೇಲಿ ನಿಮಗೆ ಯಾರ ಮೇಲಾದ್ರೂ ಅನುಮಾನ ಇದ್ಯಾ?"

ಪಕ್ಕದ ಮೇಜಿನ ಸಹೋದ್ಯೋಗಿ ಮೆಲ್ಲನೆ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ನೀವು ನಾಲ್ಕು ದಿನ ರಜೆ ಹಾಕಿ" ಎಂದ.

ವಿಚಿತ್ರವೆಂದರೆ, ಮನೆಯಲ್ಲಿ ಕೇಳುಗರ ಉತ್ಸಾಹ ಏರುತ್ತಲೇ ಹೋಯಿತು. ನಾನು ಬರುವ ಮೊದಲೇ ಟೀ ಸಿದ್ಧವಾಗಿರುತ್ತಿತ್ತು, ಕುರ್ಚಿಗಳು ಹತ್ತಿರ ಬಂದಿರುತ್ತಿದ್ದವು. "ಆ ತಮ್ಮ ಈಗ ಎಲ್ಲಿದಾನೆ?" ಎಂದು ಮಾವ ಬಾಗಿಲಲ್ಲೇ ಕೇಳುತ್ತಿದ್ದರು. ಅವರು ಅಷ್ಟು ನಂಬಿ ಕೇಳುವಾಗ, ಕಣ್ಣು ಕಟ್ಟಿಕೊಂಡು ಕೂತ ಹಿರಿಯರಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ಒಂದು ದಿನ ಎಲ್ಲವನ್ನೂ ಒಪ್ಪಿಕೊಂಡುಬಿಡೋಣವೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಾವನೇ, "ಅಳಿಯಂದಿರೇ, ಈಗೀಗ ನಿಮ್ಮ ಓದು..." ಎಂದು ನಿಲ್ಲಿಸಿದರು. ನಾನು ಉಸಿರು ಬಿಗಿಹಿಡಿದೆ. ಬಂತು, ಆ ಪದ ಬಂತು! "ಕಣ್ಣಿಗೆ ಡ್ರಾಪ್ಸ್ ಹಾಕೋ ಹೊತ್ತಾಯ್ತು ನೋಡಿ" ಎಂದರು. ಇಷ್ಟು ಹತ್ತಿರ ಬಂದ "ಪರವಾಗಿಲ್ಲ" ಕೈತಪ್ಪಬಾರದೆಂದು ನಾನು ಸತ್ಯವನ್ನು ಮತ್ತೆ ನುಂಗಿಕೊಂಡೆ.

ತಿಂಗಳು ತುಂಬಿತು. ಡಾಕ್ಟರು ಪಟ್ಟಿ ಬಿಚ್ಚಿ, ಕಣ್ಣು ಚೆನ್ನಾಗಿದೆ ಎಂದು ಕಳಿಸಿದರು. ಅವತ್ತೇ ಸಂಜೆ ಕೊನೆಯ ಅಧ್ಯಾಯ ಆಗಲೇಬೇಕೆಂದು ಮಾವನ ಹಟ. ನಾನು ಎದ್ದು ನಿಂತು, ಪುಸ್ತಕವನ್ನು ಎದೆಗೆ ಹಿಡಿದು, ನಡುಗುವ ಕಂಠದಲ್ಲಿ ಗುಟ್ಟು ಬಿಚ್ಚಿದೆ. ದ್ರೋಹಿ ಬೇರಾರೂ ಅಲ್ಲ, ಆ ತಮ್ಮನೇ! ಅಣ್ಣನ ಲಿಫ್ಟಿನ ತಂತಿ ಕತ್ತರಿಸಿದ್ದೂ ಅವನೇ! ಕರ್ನಲ್ ಅವನ ಕೈಗೆ ಬೇಡಿ ತೊಡಿಸಿದ. ಅತ್ತಿಗೆ ತನ್ನ ಭುಜ ಒರೆಸಿಕೊಂಡಳು. ಮುಗಿಯಿತು.

ಮಾವ ನಿಧಾನವಾಗಿ ಕಪ್ಪು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಹೊಸ ಕಣ್ಣಿನಿಂದ ನನ್ನನ್ನು ದಿಟ್ಟಿಸಿದರು. ಆಮೇಲೆ ಅಂಗೈ ಚಾಚಿದರು.

"ಎಲ್ಲಿ, ತೋರಿಸಿ."

"ಏನು ಮಾವ?"

"ಆ ತಮ್ಮ ಯಾವ ಪುಟದಲ್ಲಿ ಬರ್ತಾನೆ, ತೋರಿಸಿ."

ನಾನು ಪುಟ ತಿರುವಿದೆ. ಮುಂದಕ್ಕೆ ತಿರುವಿದೆ, ಹಿಂದಕ್ಕೆ ತಿರುವಿದೆ. ಟಿಕೆಟ್ ಇಲ್ಲದವನು ಎಲ್ಲ ಜೇಬನ್ನೂ ತಡಕುತ್ತಾನಲ್ಲ, ಹಾಗೆ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಳು.

"ಕಟ್ಟಿದ್ದು ಕಣ್ಣು, ಕಿವಿ ಅಲ್ಲ" ಎಂದರು ಮಾವ. "ಲಿಫ್ಟ್ ಬಿದ್ದ ದಿವಸ ಅರ್ಧ ಗಂಟೆ ಓದಿದ್ರಿ. ಒಂದು ಹಾಳೆ ತಿರುಗಿದ ಸದ್ದೂ ಇಲ್ಲ. ಇದೇನೋ ಟಿಕೆಟ್ ಇಲ್ಲದ ಗಿರಾಕಿ ಅಂತ ಅವತ್ತೇ ಅನ್ನಿಸ್ತು. ಮಾರನೇ ದಿನ ನೀವು ಆಫೀಸಿಗೆ ಹೋದ್ಮೇಲೆ ಮಗಳ ಹತ್ರ ಆ ಪುಟ ಓದಿಸ್ದೆ. ಗುಮಾಸ್ತ ಟೀ ಕುಡೀತಾ ಕೂತಿದ್ದ."

"ಆಮೇಲೆ ಮಧ್ಯಾಹ್ನ ನಾನು ಪುಸ್ತಕದ್ದು ಓದ್ತಿದ್ದೆ, ಸಂಜೆ ನಿಮ್ದು ಕೇಳ್ತಿದ್ವಿ" ಎಂದಳು ಹೆಂಡತಿ. "ಮುಂದೆ ಹೇಗೆ ತಪ್ಪಿಸ್ಕೋತಾರೆ ನೋಡೋಣ ಅಂತ ಅಪ್ಪಂಗೆ ಊಟಾನೇ ಸೇರ್ತಿರ್ಲಿಲ್ಲ."

ನಾನು ಕೊನೆಯ ಅಸ್ತ್ರ ಎತ್ತಿದೆ. "ಮೊದಲು ಒಪ್ಪಂದ ಮುರಿದೋರು ನೀವು. ಔಷಧಿ ಚೀಟಿ ಬೋರಲಾಗಿತ್ತು!"

"ಅಯ್ಯೋ, ಡ್ರಾಪ್ಸ್ ಮುಗಿದಿತ್ತು ಕಣ್ರೀ. ಚೀಟಿ ತಗೊಂಡು ಅಂಗಡಿಗೆ ಹೋಗ್ಬಂದು ಅದೇ ಪುಟದಲ್ಲಿ ಇಟ್ಟೆ. ಔಷಧಿ ಚೀಟೀನ ಪುಸ್ತಕದಲ್ಲಿ ಇಟ್ಕೊಂಡೋರು ಯಾರು?"

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವೆಲ್ಲಿ ಚೀಟಿ ಬಗ್ಗೆ ಕೇಳಿದ್ರಿ? ಬರೀ ಮಲಗಿದ್ಯಾ ಅಂತ ಕೇಳಿದ್ರಿ."

ಅಂದರೆ ಮನೆಯಲ್ಲಿ ದ್ರೋಹಿಯೇ ಇರಲಿಲ್ಲ. ಹುಡುಕಲು ಹೊರಟು ನಾನೇ ಆ ಹುದ್ದೆ ತುಂಬಿದ್ದೆ, ಅದೂ ಯಾವ ಅನುಕಂಪದ ಆಧಾರವೂ ಇಲ್ಲದೆ. ತಲೆ ತಗ್ಗಿಸಿ ಕೂತೆ. ಮಾವ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನನ್ನ ಸರ್ವೀಸಲ್ಲಿ ಟಿಕೆಟ್ ಇಲ್ದೋರು ಬೇಕಾದಷ್ಟು ಕಥೆ ಹೇಳಿದಾರೆ ಅಳಿಯಂದಿರೇ. ಅವುಗಳ ಮುಂದೆ ನಿಮ್ದು... ಪರವಾಗಿಲ್ಲ."

ಸಿಕ್ಕಿತು! ಇಷ್ಟು ವರ್ಷ ಕಾದ ಮಾತು ಸಿಕ್ಕಿದ್ದು ಸುಳ್ಳಿಗೆ. ಆದರೂ ಸಿಕ್ಕಿತಲ್ಲ ಎಂದು ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು, ಸಮಾನಸ್ಕಂಧನಂತೆ ಅದರ ಮುಂದೆ ನಿಂತು, ಒಂದು ಲೋಟ ನೀರು ಕುಡಿದೆ.

ಮಾರನೆಯ ದಿನ ಕಚೇರಿಯಿಂದ ಬರುವಷ್ಟರಲ್ಲಿ ಹೆಂಡತಿ ಪುಸ್ತಕವನ್ನು ಲೈಬ್ರರಿಗೆ ಹಿಂದಿರುಗಿಸಿದ್ದಳು. ಅದನ್ನು ಆಗಲೇ ಬೇರೆ ಯಾರೋ ಕೊಂಡೊಯ್ದಿದ್ದರಂತೆ. ಆಗ ನನಗೆ ಹೊಳೆಯಿತು: ನಿಜವಾದ ಕಥೆಯಲ್ಲಿ ದ್ರೋಹಿ ಯಾರೆಂದು ಈ ಮನೆಯಲ್ಲಿ ಗೊತ್ತಿಲ್ಲದವನು ನಾನೊಬ್ಬನೇ.

"ಯಾರೇ ಅದು, ಕೊನೆಗೆ?" ಎಂದೆ, ಆದಷ್ಟು ಉದಾಸೀನವಾಗಿ.

"ಟೈಪಿಸ್ಟ್" ಎಂದಳು ಹೆಂಡತಿ.

"ಕರ್ನಲ್" ಎಂದರು ಮಾವ ಅದೇ ಉಸಿರಿಗೆ.

ಇಬ್ಬರ ಮುಖವನ್ನೂ ನೋಡಿದೆ. ಒಂದು ಗೆರೆಯೂ ಅಲುಗಲಿಲ್ಲ. ಯಾರನ್ನು ನಂಬುವುದು? ಅಂಗಲಾಚಿದೆ, ಆಣೆ ಹಾಕಿಸಿದೆ. ಇಬ್ಬರೂ ಧಾರಾಳವಾಗಿ ಆಣೆ ಹಾಕಿದರು.

"ತಿಂಗಳಿಡೀ ಪುಸ್ತಕ ನಿಮ್ಮ ಕೈಯಲ್ಲೇ ಇತ್ತಲ್ರೀ. ಓದ್ಕೋಬಹುದಿತ್ತು" ಎಂದಳು ಹೆಂಡತಿ.

ಮಾವ ಕನ್ನಡಕ ಒರೆಸಿಕೊಳ್ಳುತ್ತ ತಲೆಯಾಡಿಸಿದರು.

"ಟಿಕೆಟ್ ಇಲ್ದೆ ರೈಲು ಹತ್ತಿದೋರನ್ನ ಸಾವಿರ ಜನಾನ ನೋಡಿದೀನಿ. ಟಿಕೆಟ್ ಕೈಯಲ್ಲಿಟ್ಕೊಂಡು ಹಳಿ ಪಕ್ಕದಲ್ಲಿ ನಡ್ಕೊಂಡೇ ಬಂದೋರನ್ನ ನೋಡಿದ್ದು ಇದೇ ಮೊದಲು."